ನಡುವಿನ ಗೇಣು

ಅರಳೆ ವ್ಯಾಪಾರಿ ಸತ್ಯಪ್ಪ ನಿಚ್ಚಣಿಕೆ ಏರಿದ್ದು ಬಸುರಿ ಎಮ್ಮೆಯ ಹಾಗೆ, ಇಳಿದದ್ದು ಬಾಲ ಸುಟ್ಟ ಬೆಕ್ಕಿನ ಹಾಗೆ. ಇಳಿದವನು ಅಂಗೈಗೆ ಹತ್ತಿದ ಮಣ್ಣನ್ನು ಧೋತರಕ್ಕೆ ಒರೆಸಿಕೊಂಡು ಚಪ್ಪಲಿ ಮೆಟ್ಟಿದ. ಮನೆಯೊಡತಿ ಕಾಶೆವ್ವ ಹಿಡಿದು ನಿಂತಿದ್ದ ಬೆಲ್ಲದ ಬಟ್ಟಲಿನ ಕಡೆ ಕಣ್ಣು ಕೂಡ ಹಾಯಿಸಲಿಲ್ಲ.

"ಯಾಕ್ರಿ ಸಾವ್ಕಾರ್ರ, ಒಳಗ ಬಂದು ನೋಡೂದಿಲ್ಲೇನ್ರಿ?" ದಲಾಲಿ ಪರಪ್ಪ ಅವನ ಬೆನ್ನು ಹತ್ತಿದ. "ಹಗೇವು ನೋಡ್ರಿ. ಅರ್ಧ ಮೂಡಲಗಿ ಉಣ್ಣೂವಷ್ಟು ಜ್ವಾಳ ಹಿಡೀತೈತಿ."

"ಒಳಗ ನೋಡೂದು ಏನೈತೋ ಪರಪ್ಪಾ. ಮ್ಯಾಲ ನೋಡಿದೆ, ಎಲ್ಲಾ ತಿಳೀತು. ಮನಿ ಮಾರಾಕ ಕರದೀಯೋ, ಕೋರ್ಟು ಕಚೇರಿ ಮಾರಾಕ ಕರದೀಯೋ?"

ಅಷ್ಟು ಹೇಳಿ ಸತ್ಯಪ್ಪ ಓಣಿಯ ತಿರುವಿನಲ್ಲಿ ಮರೆಯಾದ. ಅವನು ಹೋದ ರಭಸಕ್ಕೆ ಎದ್ದ ಧೂಳು ಆ ದಿನ ಸಂಜೆಯವರೆಗೂ ಕೆಳಗೆ ಕೂಡಲಿಲ್ಲ.

ಆ ಕಡೆ ಮನೆ ಕೊಳ್ಳಲು ಬಂದವರು ಬಾಗಿಲು ನೋಡುವುದಿಲ್ಲ, ಕಿಟಕಿ ನೋಡುವುದಿಲ್ಲ. ಮೊದಲು ಮನೆಯ ಚಾವಣಿಯಾದ ಮಾಳಿಗೆ ಏರುತ್ತಾರೆ. ಮಣ್ಣಿನ ಮಾಳಿಗೆ ಸುಳ್ಳು ಹೇಳುವುದಿಲ್ಲ. ವರ್ಷ ವರ್ಷ ಮಳೆಗಾಲಕ್ಕೆ ಮುಂಚೆ ಹಾಳೂರ ದಿಬ್ಬದಿಂದ ಬೂದಿಬಣ್ಣದ ಹಾಳಮಣ್ಣು ತಂದು ಹರವಿ, ಮರದ ಕೊಡತಿಯಿಂದ ಬಡಿದು ಗಟ್ಟಿ ಮಾಡಿದವರ ಮನೆ ಯಾವುದು, ಮಾಡದವರದು ಯಾವುದು ಎಂಬುದು ಅಲ್ಲಿ ನಿಂತರೆ ಕುರುಡನಿಗೂ ಕಾಲಿನಿಂದಲೇ ತಿಳಿಯುತ್ತದೆ.

ಹಾಗೆ ನೋಡಿದರೆ ಕಾಶೆವ್ವನ ಮನೆಯಂಥ ಮನೆ ಮೂಡಲಗಿಯಲ್ಲಿ ಇನ್ನೊಂದಿರಲಿಲ್ಲ. ಮೂಡಲಗಿಯಲ್ಲೇನು, ಅಂಥದೊಂದು ಸಿಕ್ಕಿದ್ದರೆ ರಾಜಮಹಾರಾಜರು ಅರಮನೆಗೆ ಕೀಲಿ ಹಾಕಿ ಬಂದು ಅದರ ಪಡಸಾಲೆಯಲ್ಲಿ ಕಂಬಳಿ ಹಾಸಿಕೊಳ್ಳುತ್ತಿದ್ದರು. ಗೋಡೆ ಎಷ್ಟು ದಪ್ಪವೆಂದರೆ ಹೊರಗೆ ಇಂದು ಗುಡುಗಿದರೆ ಒಳಗೆ ನಾಳೆ ಕೇಳುತ್ತಿತ್ತು. ಪಡಸಾಲೆ ಎಷ್ಟು ಉದ್ದವೆಂದರೆ ಈ ತುದಿಯಲ್ಲಿ ಕರೆದವನಿಗೆ ಆ ತುದಿಯವನು ಓ ಅನ್ನುವಷ್ಟರಲ್ಲಿ ಯಾಕೆ ಕರೆದೆನೆಂಬುದೇ ಮರೆತುಹೋಗುತ್ತಿತ್ತು. ಇನ್ನು ನಡುತೊಲೆ. ಕಾಶೆವ್ವನ ಮಾವ ಅದನ್ನು ದಾಂಡೇಲಿಯ ಅಡವಿಯಿಂದ ಎಳೆಸಿ ತರುವಾಗ ದಾರಿಯ ಊರುಗಳ ಎತ್ತುಗಳೆಲ್ಲ ಹೆಗಲು ಕೊಟ್ಟು ಕಡೆಗೆ ಹೆಗಲೇ ಇಲ್ಲದಂತಾದವೆಂದೂ, ಘಟಪ್ರಭೆ ದಾಟಿಸುವ ದಿನ ಹೊಳೆಯೇ ಬದಿಗೆ ಸರಿದು ದಾರಿ ಬಿಟ್ಟಿತೆಂದೂ ಊರು ಹೇಳುತ್ತಿತ್ತು.

ಇಂಥ ಮನೆಯನ್ನು ಎರಡು ಮಾಡಿದ್ದು ಒಂದು ಎಮ್ಮೆಯ ಕರು. ಕಾಶೆವ್ವನ ಹಿರಿಯ ಮಗ ಕೆಂಚಪ್ಪ ಆ ಕರುವನ್ನು ಮೇಲವಂಕಿಯಲ್ಲಿದ್ದ ತನ್ನ ಹೆಂಡತಿಯ ತವರಿಗೆ ಹೊಡೆದು ಕಳಿಸಿದ. ಅದನ್ನು ತಾಯಿ ಸತ್ತ ದಿನದಿಂದ ಮಡಿಲಲ್ಲಿಟ್ಟು ಹಾಲು ಕುಡಿಸಿ ಬೆಳೆಸಿದವನು ಕಿರಿಯ ಮಗ ಹಣಮಂತ. ಅವನನ್ನು ಕೇಳಲಿಲ್ಲ. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಒಲೆ ಎರಡಾದವು. ಪಂಚರು ಬಂದು ಮನೆಯ ನಡುವೆ ಗೋಡೆ ಹಾಕಿಸಲೆಂದು ಹಗ್ಗ ಹಿಡಿದರೆ, ಅದು ಸರಿಯಾಗಿ ದೇವರ ಜಗಲಿಯ ಮೇಲೆ ಹಾಯಿತು. ಜಗಲಿ ಒಡೆಯಲು ಯಾರ ಕೈಯೂ ಏಳಲಿಲ್ಲ. "ಮಾರ್ರಿ, ಮಾರಿ ಇಬ್ಬರೂ ಎರಡು ಊರು ಹಿಡೀರಿ," ಎಂದು ಹೇಳಿ ಪಂಚರು ಎದ್ದುಹೋದರು.

ಹಗ್ಗ ಮಾತ್ರ ಹೋಗಲಿಲ್ಲ. ಅದು ಮಾಳಿಗೆ ಏರಿ ಕೂತಿತು. ಮಳೆಗಾಲ ಹತ್ತಿರ ಬಂದಾಗ ಕೆಂಚಪ್ಪ ಮೂಡಣ ಅರ್ಧಕ್ಕೆ ಮಣ್ಣು ಹಾಕುವನು, ಹಣಮಂತ ಪಡುವಣ ಅರ್ಧಕ್ಕೆ. ಹಗ್ಗ ಬಿದ್ದಿದ್ದ ಜಾಗದಲ್ಲಿ, ನಡುತೊಲೆಯ ಮಗ್ಗುಲಿಗೇ, ಒಂದು ಗೇಣು ಅಗಲದ ಪಟ್ಟಿ ಬರಿದಾಗಿ ಉಳಿಯುವುದು. ಅದರ ಮೇಲೆ ಯಾರ ಮಣ್ಣು ಬಿತ್ತೋ ಅದು ಅವನ ಪಾಲು ಎಂದು ಇಬ್ಬರೂ ನಂಬಿದ್ದರು. ತಮ್ಮ ಒಂದು ಹಿಡಿ ಹಾಕಿದರೆ ಕೈ ಕಡಿಯುತ್ತೇನೆಂದು ಅಣ್ಣ, ಅಣ್ಣನ ಬುಟ್ಟಿ ಇತ್ತ ಜರುಗಿದರೆ ಕಾಲು ಕಡಿಯುತ್ತೇನೆಂದು ತಮ್ಮ. ಹಠಕ್ಕೆ ಬಿದ್ದು ತಂತಮ್ಮ ಭಾಗಕ್ಕೆ ಸುರಿದ ಮಣ್ಣಿನಿಂದ ಮಾಳಿಗೆ ಎರಡು ಆನೆ ಮಲಗಿದಂತೆ ಉಬ್ಬಿತ್ತು. ನಡುವೆ ಕಾಲುವೆ. ಕಾಲುವೆಯಲ್ಲಿ ಮೊಳಕಾಲುದ್ದ ಹುಲ್ಲು. ಕೊಳ್ಳಲು ಬಂದವನಿಗೆ ಅಲ್ಲಿ ಎರಡು ಸಂಗತಿ ಒಟ್ಟಿಗೇ ಕಾಣುತ್ತಿದ್ದವು. ಈ ಅಣ್ಣತಮ್ಮಂದಿರಿಂದ ಕೊಂಡ ಮನೆಯಲ್ಲಿ ಸುಖವಿಲ್ಲ. ಮತ್ತು ಇಷ್ಟು ಮಳೆಯ ನೀರು ಕುಡಿದ ನಡುತೊಲೆ ಒಳಗೆ ಕೊಳೆತು ಹಿಟ್ಟಾಗಿದೆ.

ಆ ಕಾಲುವೆಯ ಕೆಳಗೇ ಕಾಶೆವ್ವನ ಹಾಸಿಗೆ. ಅವಳಿಗೆ ಸೋರುವ ನೀರಿನ ಚಿಂತೆ ಇರಲಿಲ್ಲ, ಹಾಸಿಗೆಯ ಕೆಳಗೆ ಇಟ್ಟದ್ದರ ಚಿಂತೆ ಇತ್ತು. ಶಿವರಾತ್ರಿ ಮುಗಿದ ವಾರದಲ್ಲಿ ಹಣಮಂತ ಅಣ್ಣನ ಮೇಲೆ ಕೊಡಲಿ ಎತ್ತಿದ್ದ. ಅವಳು ನಡುವೆ ಬಿದ್ದು ತಡೆದಳು. ಅಂದೇ ಮನೆಯಲ್ಲಿದ್ದ ಕೊಡಲಿ, ಕುಡಗೋಲು, ಈಳಿಗೆ, ಅಲಗಿದ್ದದ್ದೆಲ್ಲವನ್ನೂ ಒಟ್ಟು ಮಾಡಿ ಕೌದಿಯ ಕೆಳಗೆ ಹಾಕಿ ಅದರ ಮೇಲೆ ಮಲಗಿದಳು. ಮನೆ ಮಾರಬೇಕು, ಇಬ್ಬರೂ ದೂರವಾಗಬೇಕು, ಒಬ್ಬನು ಹೆಣವಾಗಿ ಇನ್ನೊಬ್ಬನು ಜೇಲಿಗೆ ಹೋಗುವ ಮುಂಚೆ. ಅವಳ ಜೀವ ನಿಂತದ್ದು ಅದೊಂದರ ಮೇಲೆ.

ಸತ್ಯಪ್ಪ ಹೋದ ಮೇಲೆ ಕೆಂಚಪ್ಪ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ನಿಂತ. ತಮ್ಮನೊಡನೆ ಮಾತಿಲ್ಲವಾದ್ದರಿಂದ ಅವನು ಹೇಳುವುದನ್ನೆಲ್ಲ ಕಂಬಕ್ಕೆ ಹೇಳುತ್ತಿದ್ದ.

"ಕಂಬಾ, ನೋಡಿದೇನು? ಕೆಲವರಿಗೆ ಮನಿ ಮಾರೂದು ಬ್ಯಾಡಾಗೇತಿ. ಅದಕ್ಕ ಮಾಳಗಿ ಮ್ಯಾಲ ಕಾಲವಿ ಬಿಟ್ಟಾರ."

ಹಣಮಂತ ಅಂಗಳದಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದ. "ಎತ್ತಾ, ನಿನಗರ ಕಣ್ಣ ಅದಾವಲ್ಲ. ಕಾಲವಿ ಯಾರ ಕಡಿಂದ ಹರದೈತಿ ಹೇಳು."

"ಕಂಬಾ, ಎತ್ತಿಗೆ ಹೇಳು. ಬಾಯಿ ಹೆಚ್ಚಾದ್ರ ಹಲ್ಲು ಕೈಗೆ ಬರತಾವ."

"ಎತ್ತಾ, ಕರಾ ಕದ್ದ ಕೈ ಹಲ್ಲಿಗೆ ಹೆದರಸಾಕ ಬಂದೈತಿ ನೋಡು."

ಕೆಂಚಪ್ಪ ಕಂಬ ಬಿಟ್ಟು ಅಂಗಳಕ್ಕೆ ಇಳಿದ. ಹಣಮಂತ ಬಗ್ಗಿ ಎತ್ತು ಕಟ್ಟುವ ಗೂಟವನ್ನು ಒಂದೇ ಸಲಕ್ಕೆ ಕಿತ್ತ. ಅಡಿಗೆಮನೆಗಳ ಬಾಗಿಲಲ್ಲಿ ಸೊಸೆಯಂದಿರಾದ ರಾಮವ್ವ, ಯಲ್ಲವ್ವ ಸೆರಗು ಕಚ್ಚಿಕೊಂಡು ನಿಂತರು. ಎತ್ತು ಕೂಡ ಮೆಲುಕು ನಿಲ್ಲಿಸಿತು. ಕಾಶೆವ್ವ ಓಡಲಿಲ್ಲ. ಬೆಲ್ಲದ ಬಟ್ಟಲು ಹಿಡಿದುಕೊಂಡೇ ನಡೆದು ಬಂದು ಇಬ್ಬರ ನಡುವೆ ನಿಂತಳು.

"ಕೊಳ್ಳಾಕ ಬಂದವರು ತಿನ್ನಲಿಲ್ಲ. ನೀವರ ತಿನ್ನರಿ. ಬಾಯಿ ಸಿಹಿ ಮಾಡ್ಕೊಂಡು ಆಮ್ಯಾಲ ಬಡದಾಡ್ರಿ."

ಮಕ್ಕಳ ಉಸಿರು ಅವಳ ಎರಡೂ ಕಿವಿಗೆ ತಾಗುತ್ತಿತ್ತು. ಅವಳು ಬಟ್ಟಲನ್ನು ಮೊದಲು ಒಬ್ಬನ ಮುಂದೆ, ಆಮೇಲೆ ಇನ್ನೊಬ್ಬನ ಮುಂದೆ ಹಿಡಿದಳು. ಮೊದಲು ಗೂಟ ಕೆಳಗೆ ಬಿತ್ತು. ಆಮೇಲೆ ಕೆಂಚಪ್ಪ ಹೊರಗೆ ನಡೆದ.

ಸ್ವಲ್ಪ ಹೊತ್ತು ಬಿಟ್ಟು ರಾಮವ್ವ ಮೆಲ್ಲಗೆ ಬಂದಳು. "ಅತ್ತ್ಯಾ, ಉಳ್ಳಾಗಡ್ಡಿ ಹೆಚ್ಚಬೇಕಾಗೇತಿ. ಈಳಗಿ ಕೊಡ್ರಿ." ಕಾಶೆವ್ವ ಕೌದಿ ಎತ್ತಿ ಈಳಿಗೆ ತೆಗೆದುಕೊಟ್ಟು, ಹೆಚ್ಚಿ ಮುಗಿಯುವವರೆಗೆ ಎದುರಿಗೆ ಕೂತು, ತೊಳೆಸಿ ತಿರುಗಿ ಇಸಿದುಕೊಂಡಳು.

ಸತ್ಯಪ್ಪ ತನ್ನ ಬಾಯಿಯನ್ನು ಗೋಕಾಕದ ಸಂತೆಯಲ್ಲಿ ಬಿಚ್ಚಿದ. ಆಮೇಲೆ ಬಂದ ಹುಕ್ಕೇರಿಯ ಸಾಲಿ ಮಾಸ್ತರರು ನಿಚ್ಚಣಿಕೆ ಕೂಡ ಏರಲಿಲ್ಲ. ಬಾಗಿಲಲ್ಲೇ ನಿಂತು, "ಎರಡ ಆನಿ ನಡುವ ಕಾಲವಿ ಐತಂತಲ್ಲ, ಅದೇ ಮನಿ ಏನ್ರಿ ಇದು?" ಎಂದು ಕೇಳಿ, ಹೌದೆಂದ ಮೇಲೆ ನಮಸ್ಕಾರ ಮಾಡಿ ಹೋದರು. ಆ ಮೇಲೆ ಓಣಿಯಲ್ಲಿ ಕೊಳ್ಳುವವರ ನೆರಳೂ ಸುಳಿಯಲಿಲ್ಲ. ಪರಪ್ಪನೆಂದರೆ ಸತ್ತ ಕುದುರೆಯನ್ನು ಓಟದ ಕುದುರೆಯೆಂದು ಮಾರಿ, ಕೊಂಡವನಿಂದಲೇ ಶಾಲು ಹೊದಿಸಿಕೊಂಡು ಬಂದವನು. ಅಂಥವನೂ ಸೋತ. ಒಂದು ಸಂಜೆ ಬಂದು ಕಟ್ಟೆಯ ಮೇಲೆ ಕುಸಿದ.

"ಕಾಶೆಕ್ಕಾ, ಇನ್ನ ಒಬ್ಬರು ಉಳದಾರ. ಸಂಕೇಶ್ವರದ ಅಣ್ಣಾಸಾಹೇಬ್ರು, ಬೆಲ್ಲದ ವ್ಯಾಪಾರ. ಇಲ್ಲೆ ಅಂಗಡಿ ಹಾಕಾಕ ಮನಿ ನೋಡಾಕತ್ತಾರ. ನಾಳಿ ಮುಂಜಾನಿ ಮೋಟಾರಿಗೆ ಬರತಾರ. ಅವರೂ ಮಾಳಗಿ ಏರಿದ್ರ ಕತಿ ಮುಗೀತು. ಮಿರಗದ ಮಳಿ ಬಿದ್ದ ಮ್ಯಾಲ ಮಾಳಗಿ ಮನಿ ಯಾರೂ ಕಣ್ಣೆತ್ತಿ ನೋಡಂಗಿಲ್ಲ. ಮುಂದಿನ ವರ್ಷಕ್ಕ ಹೋಗತೈತಿ."

"ಮುಂದಿನ ವರ್ಷಕ್ಕ," ಎಂದಳು ಕಾಶೆವ್ವ. ಅಂಗಳದಲ್ಲಿ ಇಬ್ಬರು ಮಕ್ಕಳು ತಂತಮ್ಮ ಹಾಳಮಣ್ಣಿನ ಗುಡ್ಡೆಯ ಪಕ್ಕದಲ್ಲಿ, ಒಬ್ಬನು ಇನ್ನೊಬ್ಬನ ಮೇಲೆ ಕಣ್ಣಿಟ್ಟು ಕೂತಿದ್ದರು. ಮುಂದಿನ ವರ್ಷದವರೆಗೆ ಇಬ್ಬರೂ ಇರುತ್ತಾರೆಂದು ಅವಳಿಗೆ ಅನಿಸಲಿಲ್ಲ.

ಬೆಳಗಾಗುತ್ತಲೇ ಅವಳು ಸೀರೆ ಎತ್ತಿ ಕಟ್ಟಿದಳು. ಕೆಂಚಪ್ಪನ ಗುಡ್ಡೆಯಿಂದ ಒಂದು ಬುಟ್ಟಿ ಮಣ್ಣು ತಂದು ಅಂಗಳದ ನಡುವೆ ಸುರಿದಳು. ಹಣಮಂತನ ಗುಡ್ಡೆಯಿಂದ ಒಂದು ಬುಟ್ಟಿ ತಂದು ಅದರ ಮೇಲೆ ಸುರಿದಳು. ನೀರು ಚಿಮುಕಿಸಿ ಕಾಲಿನಿಂದ ತುಳಿದಳು. ಸದ್ದಿಗೆ ಮಕ್ಕಳಿಬ್ಬರೂ ಎದ್ದು ಬಂದರು.

"ಯವ್ವಾ, ಏನು ಮಾಡಾಕತ್ತಿ?" ಎಂದ ಕೆಂಚಪ್ಪ.

"ನನ್ನ ಹಾಸಿಗಿ ಮ್ಯಾಲಿನ ಗೇಣು ಮುಚ್ಚತೀನಿ. ಅದು ನಿಂದಲ್ಲ, ಅಂವಂದೂ ಅಲ್ಲ."

"ಅದರಾಗ ಅಂವನ ಮಣ್ಣು ಐತಿ."

"ನಿಂದೂ ಐತಿ. ಬೇಕಾದ್ರ ಆರಿಸ್ಕೊ."

ಹಣಮಂತ ಮಣ್ಣನ್ನು ನೋಡಿದ, ತಾಯಿಯ ಕಾಲನ್ನು ನೋಡಿದ. "ಯವ್ವಾ, ಮ್ಯಾಲ ಹೋಗಬ್ಯಾಡ. ಬಿದ್ದೀ."

"ಹಂಗಾರ ನೀ ಹೋಗು."

ಹಣಮಂತ ನಿಚ್ಚಣಿಕೆಯ ಕಡೆ ಒಂದು ಹೆಜ್ಜೆ ಇಟ್ಟ. ಕೆಂಚಪ್ಪನೂ ಇಟ್ಟ. ಇಬ್ಬರೂ ನಿಂತುಬಿಟ್ಟರು. ಅವರ ನಡುವಿಂದಲೇ ಕಾಶೆವ್ವ ಬುಟ್ಟಿ ತಲೆಯ ಮೇಲಿಟ್ಟು, ಕೊಡತಿಯನ್ನು ಸೊಂಟಕ್ಕೆ ಸಿಕ್ಕಿಸಿ ಏರಿದಳು. ಒಂದೊಂದು ಮೆಟ್ಟಿಲಿಗೂ ಅವಳ ಮೊಣಕಾಲು ಓಣಿಗೆ ಕೇಳುವಂತೆ ಲಟಕ್ಕೆನ್ನುತ್ತಿತ್ತು.

ಮೇಲೆ ಹುಲ್ಲು ಕಿತ್ತು ಬದಿಗೆ ಎಸೆಯುವಷ್ಟರಲ್ಲಿ ಕೆಳಗೆ ಪರಪ್ಪನ ಧ್ವನಿ ಕೇಳಿತು. ಅಣ್ಣಾಸಾಹೇಬರು ಬಂದಿದ್ದರು. ತೂಕದ ಮನುಷ್ಯ, ಅವರು ಕೂತರೆ ಮೋಟಾರು ಬಸ್ಸು ಒಂದು ಮಗ್ಗುಲಿಗೆ ವಾಲಿಕೊಂಡೇ ಸಂಕೇಶ್ವರದಿಂದ ಬರಬೇಕಾಗುತ್ತಿತ್ತು. ಮಾಳಿಗೆಯ ಮೇಲೆ ಮುದುಕಿ, ನಿಚ್ಚಣಿಕೆಯ ಬುಡದಲ್ಲಿ ಮುಷ್ಟಿ ಬಿಗಿದ ಇಬ್ಬರು ಮಕ್ಕಳು. ಇಷ್ಟನ್ನು ಒಂದೇ ನೋಟಕ್ಕೆ ಕಂಡ ಪರಪ್ಪ ಗಿರಾಕಿಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಒಳಗೆ ಹೋದ.

"ಮದಲ ಒಳಗ ನೋಡ್ರಿ ಸಾವ್ಕಾರ್ರ, ಮಾಳಗಿ ಎಲ್ಲಿ ಓಡಿ ಹೋಗತೈತಿ? ಈ ಪಡಸಾಲಿ ನೋಡ್ರಿ. ಈ ಕಂಬ ನೋಡ್ರಿ. ಇನ್ನ ಈ ಮಾಳಗಿ ಅಂದ್ರ, ಇದರ ಮ್ಯಾಲ ಆನಿ ಹೊಡಕೊಂಡು ಹೋಗ್ರಿ, ಒಂದು ಕಾಳ ಮಣ್ಣ ಕೆಳಗ ಬಿದ್ರ ನನ್ನ ಹೆಸರ ಪರಪ್ಪ ಅಲ್ಲ."

ಅಣ್ಣಾಸಾಹೇಬರು ತಲೆ ಎತ್ತಿದರು. ಮೇಲೆ ಕೊಡತಿಯ ಪೆಟ್ಟು ಧಪ್ಪೆಂದಿತು, ಇನ್ನೊಮ್ಮೆ ಧಪ್ಪೆಂದಿತು. ಮೂರನೆಯದರ ಬದಲು ಚರ್ರೆಂದು ಏನೋ ಹರಿಯಿತು. ಒಂದು ಬಂಡಿ ಮಣ್ಣು, ಗೆದ್ದಲು ತಿಂದ ಬಿದಿರ ಗಳ, ಅದರ ಮೇಲೆ ಹಾಸಿದ್ದ ಯಾವ ಕಾಲದ್ದೋ ಬೇವಿನ ಸೊಪ್ಪಿನ ತಪ್ಪಲು ಎಲ್ಲ ಕೆಳಗಿನ ಹಾಸಿಗೆಯ ಮೇಲೆ ಸುರಿದವು. ಧೂಳು ಸರಿದಾಗ ಮಾಳಿಗೆಯಿಂದ ಬೆಳ್ಳಿಯ ಕಡಗ ಹಾಕಿದ ಒಂದು ಕಾಲು ಇಳಿಬಿದ್ದಿತ್ತು.

ಪರಪ್ಪನಿಗೆ ಹುಟ್ಟಿದಂದಿನಿಂದ ಮೊದಲ ಬಾರಿ ಮಾತು ಹೊರಡಲಿಲ್ಲ.

ನಿಚ್ಚಣಿಕೆ ಒಬ್ಬರ ಅಗಲದ್ದು. ಅದರ ಮೇಲೆ ಕೆಂಚಪ್ಪ ಹಣಮಂತ ಇಬ್ಬರೂ ಒಟ್ಟಿಗೆ ಹತ್ತಿದರು. ಹೆಗಲಿಗೆ ಹೆಗಲು ಉಜ್ಜಿ ಅದು ಕಿರಗುಟ್ಟಿತು. ಕಾಶೆವ್ವ ತೊಡೆಯವರೆಗೆ ಹೂತು ಎರಡೂ ಅಂಗೈಯನ್ನು ಮಣ್ಣಿಗೆ ಊರಿ ಕೂತಿದ್ದಳು. ಅವಳ ಸುತ್ತ ಮಣ್ಣು ಮೆಲ್ಲಮೆಲ್ಲಗೆ ಕೆಳಗೆ ಜಾರುತ್ತಿತ್ತು. ಎಡಗೈ ಕೆಂಚಪ್ಪ ಹಿಡಿದ, ಬಲಗೈ ಹಣಮಂತ.

"ಯವ್ವಾ, ಬಲಕ್ಕಿದ್ದವಗ ಹೇಳು, ಜಗ್ಗಬ್ಯಾಡ ಅಂತ. ಗಳ ಚುಚ್ಚತಾವ."

"ಯವ್ವಾ, ಎಡಕ್ಕಿದ್ದವಗ ಹೇಳು, ತೊಲಿ ಮ್ಯಾಲ ಕಾಲ ಇಡು ಅಂತ. ಅಂವ ನಿಂತಲ್ಲೇ ಕುಸ್ಯಾಕತ್ತೈತಿ."

"ಇಬ್ಬರೂ ಕೇಳಸ್ಕೊಂಡೀರಿ," ಎಂದಳು ಕಾಶೆವ್ವ ಹಲ್ಲು ಕಚ್ಚಿ. "ಇನ್ನ ಎತ್ತರಿ."

ಕೆಂಚಪ್ಪ ಕಾಲು ಸರಿಸಿ ತೊಲೆ ಇದ್ದ ಕಡೆ ಊರಿದ. ಹಣಮಂತ ಜಗ್ಗುವುದು ಬಿಟ್ಟು ಕಂಕುಳಿಗೆ ಕೈ ಹಾಕಿದ. ಇಬ್ಬರ ತಲೆಗಳು ತಾಯಿಯ ಎದೆಯ ಮೇಲೆ ಒಂದಕ್ಕೊಂದು ಬಡಿದವು. ಅವಳು ಮೇಲೆ ಬಂದಳು.

ಕೆಳಗೆ ಇಳಿಸಿದಾಗ ಮೊಣಕಾಲು ತರಚಿ ರಕ್ತ ಒಸರುತ್ತಿತ್ತು. ಯಲ್ಲವ್ವ ಅರಿಸಿನ ಹಚ್ಚಿದಳು, ರಾಮವ್ವ ಬಟ್ಟೆ ಕಟ್ಟಿದಳು. ಅಷ್ಟರಲ್ಲಿ ಪಡುವಣಕ್ಕೆ ಮೋಡ ಕವಿಯುತ್ತ ಬಂತು. ಇಷ್ಟಗಲದ ಕಿಂಡಿಯಲ್ಲಿ ಮಳೆ ಇಳಿದರೆ ಮನೆ ಹೊಳೆಯಾಗುತ್ತದೆ. ಮಕ್ಕಳಿಬ್ಬರೂ ಯಾರ ಕಡೆಗೂ ನೋಡದೆ, ಒಬ್ಬನು ಗಳದ ಕಟ್ಟು ಹೊತ್ತು, ಇನ್ನೊಬ್ಬನು ಬೇವಿನ ತಪ್ಪಲು ಮುರಿದುಕೊಂಡು ತಿರುಗಿ ಮಾಳಿಗೆಗೆ ಹೋದರು.

ಕಾಶೆವ್ವ ಕುಂಟುತ್ತ ಒಳಗೆ ಬಂದಾಗ ಅಣ್ಣಾಸಾಹೇಬರು ಇನ್ನೂ ಅಲ್ಲೇ ನಿಂತಿದ್ದರು, ಕಿಂಡಿಯ ಕೆಳಗೆ, ಕತ್ತು ಎತ್ತಿ. ಓಡಿಹೋಗದೆ ಉಳಿದ ಗಿರಾಕಿಯನ್ನು ಕಂಡು ಅವಳು ಸೆರಗು ಸರಿಮಾಡಿಕೊಂಡಳು.

"ಯವ್ವಾ, ಅಲಗಿದ್ದದ್ದು ಏನರ ಐತೇನು?" ಎಂದರು ಅವರು.

ಅವಳು ಒಮ್ಮೆ ಮಾಳಿಗೆಯ ಕಡೆ ನೋಡಿ, ಹಾಸಿಗೆಯ ಮೇಲಿನ ಮಣ್ಣು ಸರಿಸಿ ಕೌದಿಯನ್ನು ಎತ್ತಿದಳು. ಅಣ್ಣಾಸಾಹೇಬರು ಅಲ್ಲಿ ಮಲಗಿದ್ದ ಕೊಡಲಿ, ಕುಡಗೋಲುಗಳನ್ನು ನೋಡಿದರು, ಹಾಸಿಗೆಯನ್ನು ನೋಡಿದರು, ಮುದುಕಿಯ ಮುಖ ನೋಡಿದರು. ಏನೂ ಕೇಳದೆ ಒಂದು ಕುಡಗೋಲು ಎತ್ತಿಕೊಂಡು, ಜೋಳದ ಕಣಜದ ಮೇಲೆ ಕಾಲಿಟ್ಟು ಹತ್ತಿ, ಕಿಂಡಿಯ ಅಂಚಿನಲ್ಲಿ ಬಯಲಾಗಿದ್ದ ನಡುತೊಲೆಯನ್ನು ಕೆರೆದರು. ಕಪ್ಪು ಹಕ್ಕಳೆಯಾಗಿ ಉದುರಿತು. ಒಳಗೆ ಹೊಂಬಣ್ಣದ ಸಾಗವಾನಿ, ಎಣ್ಣೆ ಹಚ್ಚಿದ ಹಾಗೆ. ಕುಡಗೋಲಿನ ಹಿಡಿಯಿಂದ ಬಡಿದರು. ಟಣ್ಣೆಂದಿತು.

"ತೊಲಿಗೆ ಏನೂ ಆಗಿಲ್ಲ," ಎಂದರು. "ಮ್ಯಾಲಿನ ಗಳ ಅಷ್ಟ ಹೋಗ್ಯಾವ. ಹೊರಗ ನಿಂತು ನೋಡಿದ್ರ ಯಾರಿಗೂ ತಿಳೀತಿದ್ದಿಲ್ಲ ಇದು."

ಪರಪ್ಪನಿಗೆ ಹೋದ ಮಾತು ತಿರುಗಿ ಬಂತು. "ನಾ ಮದಲ ಹೇಳಲಿಲ್ಲೇನ್ರಿ? ಅದಕ್ಕಂತಲೇ ಮುಂಜಾನಿ ಮುದುಕಿನ ಮ್ಯಾಲ ಏರಿಸಿದ್ದು."

"ಸುಮ್ಮಕ ಕುಂದ್ರೋ ಪರಪ್ಪಾ." ಅಣ್ಣಾಸಾಹೇಬರು ಕಣಜದಿಂದ ಇಳಿದು, ಕುಡಗೋಲನ್ನು ಇದ್ದಲ್ಲೇ ಇಟ್ಟು, ಅದರ ಮೇಲೆ ಕೌದಿ ಎಳೆದರು. ಕೈ ತೊಳೆದುಕೊಂಡು ಬಂದು ದೇವರ ಜಗಲಿಯ ಮುಂದೆ ಕೂತು ಚೀಲದಿಂದ ಎಲೆ ಅಡಿಕೆ ತೆಗೆದಿಟ್ಟರು. "ಯವ್ವಾ, ಮನಿ ನನಗ ಮನಸಿಗೆ ಬಂತು. ಮಕ್ಕಳನ ಕರೀರಿ. ಇಬ್ಬರೂ ಕೂಡಿ ಈ ಎಲಿ ಹಿಡದ್ರ ಮಾರಾಟದ ಮಾತು ಮುಗೀತು. ನಾ ಮಧ್ಯಾಹ್ನದ ಮೋಟಾರಿಗೆ ಹೋಗಬೇಕು."

ಕಾಶೆವ್ವ ಎರಡೂ ಕೈ ಜೋಡಿಸಿದಳು. ಗೋಡೆ ಹಿಡಿದುಕೊಂಡು, ನೋವಿನ ಕಾಲನ್ನು ಎಳೆಯುತ್ತ ಅಂಗಳಕ್ಕೆ ಬಂದಳು. ನಿಚ್ಚಣಿಕೆಯ ಬುಡದಲ್ಲಿ ನಿಂತು ಕರೆಯಲು ಬಾಯಿ ತೆರೆದಳು.

"ಆ ಗಳ ಈ ಕಡಿ ಕೊಡೋ," ಮೇಲೆ ಕೆಂಚಪ್ಪನ ಧ್ವನಿ.

ಗಳವೊಂದು ತೊಲೆಯ ಮೇಲೆ ಉಜ್ಜಿಕೊಂಡು ಸರಿದ ಸದ್ದಾಯಿತು.

"ಇದು ಗಿಡ್ಡ ಆಗತೈತಿ," ಎಂದ ಹಣಮಂತ.

"ಎರಡು ಕೂಡಿಸಿ ಕಟ್ಟು."

"ತಪ್ಪಲ ಸಾಲಂಗಿಲ್ಲ ಅಣ್ಣಾ."

"ಸಾಲತೈತಿ. ದಪ್ಪಗ ಹಾಸು. ಯವ್ವ ಕಲಸಿದ ಮಣ್ಣ ಐತಲ್ಲ, ಅದನ್ನ ಮದಲ ಹಾಕು."

ಬುಟ್ಟಿ ಬೋರಲಾದ ಸದ್ದು. ಆಮೇಲೆ ಒಂದು ಕೊಡತಿ ಬಿತ್ತು. ಅದು ಏಳುವ ಹೊತ್ತಿಗೆ ಇನ್ನೊಂದು ಬಿತ್ತು.

"ಕಾಶೆಕ್ಕಾ," ಒಳಗಿಂದ ಪರಪ್ಪ ಕೂಗಿದ. "ಕರದೇನು? ಸಾವ್ಕಾರ್ರಿಗೆ ಮೋಟಾರ ತಪ್ಪತೈತಿ."

"ಕೈ ಮಣ್ಣಾಗ್ಯಾವ ಅವರ್ದು," ಎಂದಳು ಕಾಶೆವ್ವ. "ಸ್ವಲ್ಪ ತಡೀರಿ."

ಮೊದಲ ಹನಿಗಳು ಅಂಗಳದ ಧೂಳಿನಲ್ಲಿ ಬಿದ್ದು ಉರುಳಿದವು. ನಿಚ್ಚಣಿಕೆಯ ಮೇಲೆ ಯಾರೂ ಇರಲಿಲ್ಲ. ಆದರೂ ಅವಳು ಅದು ಜಾರದ ಹಾಗೆ ಎರಡೂ ಕೈಯಿಂದ ಒತ್ತಿ ಹಿಡಿದು, ಹಣೆಯನ್ನು ಅದರ ಮೆಟ್ಟಿಲಿಗೆ ಆನಿಸಿ, ಮಳೆಯಲ್ಲಿ ನಿಂತುಕೊಂಡಳು.